ಸ್ಕಾಟ್ಲೆಂಡಿನ ಮದುವೆಗೆ ಕೇಲಿ ಬ್ಯಾಂಡ್: ನಮ್ಮ ಕಡೆಯವರು ಕುಣಿಯಬಲ್ಲರೇ?

ಪ್ರಶ್ನೆ: ಮೈಸೂರಿನ ತಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಆರು ವರ್ಷಗಳಿಂದ ಗ್ಲಾಸ್ಗೋದಲ್ಲಿ ಕೆಲಸದಲ್ಲಿದ್ದಾಳೆ. ಪರ್ತ್‌ಶೈರಿನ ಹುಡುಗನೊಂದಿಗೆ ಅವಳ ಮದುವೆ ನಿಶ್ಚಯವಾಗಿದೆ. ಧಾರೆ ಏಪ್ರಿಲ್‌ನಲ್ಲಿ ಮೈಸೂರಿನಲ್ಲೇ ನಡೆಯುತ್ತದೆ. ಜೂನ್‌ನಲ್ಲಿ ಹುಡುಗನ ಊರಿನ ಹತ್ತಿರ, ಹಳೆಯ ಕಣಜವನ್ನು ಸಭಾಂಗಣವಾಗಿ ಮಾರ್ಪಡಿಸಿದ ಜಾಗದಲ್ಲಿ, ಅವರ ಪದ್ಧತಿಯ ಸಮಾರಂಭವಿದೆ. ನಮ್ಮ ಕಡೆಯಿಂದ ಸುಮಾರು ನಲವತ್ತು ಜನ ಹೋಗುತ್ತೇವೆ, ಅವರಲ್ಲಿ ಅರ್ಧದಷ್ಟು ಜನ ಐವತ್ತು ದಾಟಿದವರು.

ಬೀಗರು ಇದುವರೆಗೆ ನಮ್ಮ ಪ್ರತಿಯೊಂದು ಮಾತಿಗೂ ಒಪ್ಪಿಕೊಂಡು ಬಂದವರು. ಅವರು ಕೇಳಿರುವುದು ಒಂದೇ ಒಂದು: ಸಂಜೆ ಕೇಲಿ ಬ್ಯಾಂಡ್ ಇರಬೇಕು, ಎರಡೂ ಕಡೆಯವರು ಒಟ್ಟಿಗೆ ಕುಣಿಯಬೇಕು. ಬ್ಯಾಂಡನ್ನು ಆರಿಸುವ ಹೊಣೆಯನ್ನು ಅವರು ಪ್ರೀತಿಯಿಂದ ನಮ್ಮ ಮನೆಗೇ ಬಿಟ್ಟಿದ್ದಾರೆ, ಆದ್ದರಿಂದ ನನಗೆ ಚಿಂತೆ ಹೆಚ್ಚಾಗಿದೆ. ಕೇಲಿ ಎಂದರೆ ಸರಿಯಾಗಿ ಏನು? ಬ್ಯಾಂಡಿನಲ್ಲಿ ಎಷ್ಟು ಜನ ವಾದ್ಯಗಾರರಿದ್ದರೆ ಸಾಕು? ಸೀರೆ ಉಟ್ಟ ಹೆಂಗಸರು, ಒಂದು ಹೆಜ್ಜೆಯನ್ನೂ ಕಲಿಯದ ನಮ್ಮ ಭಾವಂದಿರು ಇದರಲ್ಲಿ ಸೇರಿಕೊಳ್ಳಲು ಸಾಧ್ಯವೇ, ಅಥವಾ ನಮ್ಮವರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕುಳಿತು ನೋಡುವಂತಾಗುತ್ತದೆಯೇ? ಅನುಭವವಿರುವವರು ದಯವಿಟ್ಟು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ: ಎಡಿನ್‌ಬರೋ ಪಿಟೀಲು

ಅಮ್ಮಾ, ಮೊದಲು ನಿಮಗೆ ಅಭಿನಂದನೆಗಳು. ನಾನು ಚಿಕ್ಕಂದಿನಲ್ಲಿ ಶಿವಮೊಗ್ಗದಲ್ಲಿ ಕರ್ನಾಟಕ ಸಂಗೀತದ ಪಿಟೀಲು ಕಲಿತವನು. ಓದಲು ಎಡಿನ್‌ಬರೋಗೆ ಬಂದ ಮೇಲೆ ಇಲ್ಲಿನ ಪಿಟೀಲಿನ ಮೋಹಕ್ಕೆ ಬಿದ್ದು, ಈಗ ಹನ್ನೊಂದು ವರ್ಷಗಳಿಂದ ನಾಲ್ಕು ಜನರ ಕೇಲಿ ಬ್ಯಾಂಡೊಂದರಲ್ಲಿ ನುಡಿಸುತ್ತಿದ್ದೇನೆ. ನಿಮ್ಮ ಪ್ರಶ್ನೆಗೆ ಸಾವಧಾನವಾಗಿ ಉತ್ತರ ಬರೆಯಬೇಕೆನಿಸಿತು.

ಕೇಲಿ ಎನ್ನುವುದು ಗೇಲಿಕ್ ಭಾಷೆಯ ಮಾತು. ಸಂಜೆಯ ಹೊತ್ತು ನೆರೆಮನೆಗೆ ಹೋಗಿ ಕುಳಿತು ಮಾತಾಡುವುದು ಎಂಬುದೇ ಅದರ ಹಳೆಯ ಅರ್ಥ. ಸ್ಕಾಟ್ಲೆಂಡಿನ ಪಶ್ಚಿಮದ ದ್ವೀಪಗಳಲ್ಲಿ ಮತ್ತು ಬೆಟ್ಟನಾಡಿನಲ್ಲಿ ಉದ್ದನೆಯ ಚಳಿಗಾಲದ ರಾತ್ರಿಗಳನ್ನು ಕಳೆಯಲು ಜನರು ಒಂದು ಮನೆಯ ಒಲೆಯ ಸುತ್ತ ಸೇರುತ್ತಿದ್ದರು. ಒಬ್ಬರು ಕಥೆ ಹೇಳಿದರೆ ಇನ್ನೊಬ್ಬರು ಹಾಡುತ್ತಿದ್ದರು, ಮತ್ತೊಬ್ಬರು ಪಿಟೀಲು ತೆಗೆಯುತ್ತಿದ್ದರು. ಸಭಾಂಗಣದಲ್ಲಿ ಬ್ಯಾಂಡ್ ನುಡಿಸಿ ನೂರಾರು ಜನ ಕುಣಿಯುವ ಕೂಟಕ್ಕೆ ಆ ಹೆಸರು ಅಂಟಿಕೊಂಡದ್ದು ಆಮೇಲೆ. ಸಂಸ್ಕೃತದಲ್ಲಿ ಕೇಲಿ ಎಂದರೆ ಆಟ, ವಿನೋದ ಎಂಬ ಅರ್ಥವಿದೆಯಲ್ಲ, ಅದಕ್ಕೂ ಇದಕ್ಕೂ ನಂಟೇನೂ ಇಲ್ಲ. ಆದರೂ ನಮ್ಮವರಿಗೆ ಹೆಸರು ನೆನಪಿಡಲು ಅದೊಂದು ಆಸರೆ. ಅಂದು ಬಂದವರು ಬರೀ ಪ್ರೇಕ್ಷಕರಾಗಿರಲಿಲ್ಲ ಎಂಬ ಗುಣ ಮಾತ್ರ ಇಂದಿಗೂ ಉಳಿದಿದೆ, ಮತ್ತು ನಿಮ್ಮ ಚಿಂತೆಗೆ ಉತ್ತರವೂ ಅದರಲ್ಲೇ ಇದೆ. ಕೇಲಿ ಬ್ಯಾಂಡ್ ನುಡಿಸುವುದು ಕಿವಿಗಳಿಗಾಗಿ ಅಲ್ಲ, ಕಾಲುಗಳಿಗಾಗಿ.

ವಾದ್ಯಗಳ ವಿಚಾರ. ಅಕಾರ್ಡಿಯನ್ (ಹಾರ್ಮೋನಿಯಂನಂತೆ ತಿದಿಯಿರುವ ವಾದ್ಯ), ಪಿಟೀಲು, ಡ್ರಮ್ ಈ ಮೂರು ಸೇರಿದರೆ ನೂರು ಜನರ ಮದುವೆಗೆ ಸಾಕಾಗುತ್ತದೆ. ನಾಲ್ಕನೆಯವರಾಗಿ ಗಿಟಾರ್ ಅಥವಾ ಕೀಬೋರ್ಡ್ ನುಡಿಸುವವರು ಬಂದರೆ ತುಂಬಿಕೊಂಡು ಕೇಳಿಸುತ್ತದೆ, ಅದಕ್ಕಿಂತ ಹೆಚ್ಚು ಜನ ಬೇಕಾಗಿಲ್ಲ. ಇಲ್ಲಿನ ವಾದ್ಯಗಾರರು ಅಕಾರ್ಡಿಯನ್ನನ್ನು ಬಾಕ್ಸ್ ಎಂದೇ ಕರೆಯುತ್ತಾರೆ. ಅದರ ಬಲಗೈ ಮಟ್ಟನ್ನು ನುಡಿಸಿದರೆ ಎಡಗೈ ತಾಳದ ಪೆಟ್ಟನ್ನು ಕೊಡುತ್ತದೆ, ಹಾಗಾಗಿ ಒಬ್ಬರೇ ಇಬ್ಬರ ಕೆಲಸ ಮಾಡಿದಂತಾಗುತ್ತದೆ. ಅದು ಬರುವ ಮೊದಲು ಇಡೀ ನೃತ್ಯದ ಭಾರವನ್ನು ಪಿಟೀಲೇ ಹೊತ್ತಿತ್ತು. ಡಂಕೆಲ್ಡ್ ಪಕ್ಕದ ಇನ್ವರ್ ಎಂಬ ಹಳ್ಳಿಯ ನೀಲ್ ಗೌ (1727–1807) ಅವರ ಹೆಸರನ್ನು ಇಂದಿಗೂ ಪಿಟೀಲುಗಾರರು ಗೌರವದಿಂದ ಹೇಳುತ್ತಾರೆ. ಅವರು ನಿಮ್ಮ ಅಳಿಯನ ಪರ್ತ್‌ಶೈರಿನವರೇ. ಇಪ್ಪತ್ತನೆಯ ಶತಮಾನದಲ್ಲಿ ಅಕಾರ್ಡಿಯನ್ನನ್ನು ಮನೆಮಾತಾಗಿಸಿದವರು ಫೈಫ್ ಪ್ರಾಂತ್ಯದ ಜಿಮ್ಮಿ ಶ್ಯಾಂಡ್ (1908–2000). ಕಲ್ಲಿದ್ದಲ ಗಣಿಯಲ್ಲಿ ದುಡಿಯುತ್ತಿದ್ದ ಆ ಮನುಷ್ಯನಿಗೆ 1999ರಲ್ಲಿ ಸರ್ ಪದವಿ ಸಂದಿತು. ಅವರ ತಾಳದ ಖಚಿತತೆಯನ್ನು ಕೇಳಿದರೆ ಕುಣಿಯುವವರ ಮೇಲೆ ಅವರಿಗಿದ್ದ ಕಾಳಜಿ ಅರ್ಥವಾಗುತ್ತದೆ.

ನಮ್ಮ ಸಂಗೀತ ಬಲ್ಲವರಿಗೆ ಹೀಗೆ ಹೇಳಬಹುದು: ಕುಣಿತದ ಮಟ್ಟುಗಳಲ್ಲಿ ರೀಲ್ ಎಂಬುದರ ಓಟ ಚತುರಶ್ರ (ನಾಲ್ಕರ) ನಡೆಯದು, ಜಿಗ್ ಎಂಬುದು ತಿಶ್ರದ (ಮೂರರ) ತೂಗು, ವಾಲ್ಟ್ಸ್ ಮೂರರ ನಿಧಾನ ನಡೆ. ಸಾಮಾನ್ಯವಾಗಿ ಎಂಟು ಬಾರ್‌ಗಳ (ನಮ್ಮ ತಾಳದ ಆವರ್ತದಂಥ ಅಳತೆಗಳ) ಒಂದು ಸಾಲು ಎರಡು ಸಲ, ಮತ್ತೆ ಎಂಟು ಬಾರ್‌ಗಳ ಇನ್ನೊಂದು ಸಾಲು ಎರಡು ಸಲ, ಹೀಗೆ 32 ಬಾರ್‌ಗಳಿಗೆ ಮಟ್ಟು ಒಂದು ಸುತ್ತು ಮುಗಿಯುತ್ತದೆ. ನೃತ್ಯದ ಚಲನೆಗಳೂ ಅದೇ ಎಂಟರ ಲೆಕ್ಕದಲ್ಲಿ ಬದಲಾಗುತ್ತವೆ. ಸಾಲು ಮುಗಿಯುತ್ತಾ ಬಂತೆಂದು ಕಿವಿ ಹೇಳಿದೊಡನೆ ಕಾಲು ತಾನಾಗಿ ಮುಂದಿನ ಚಲನೆಗೆ ಸಿದ್ಧವಾಗುತ್ತದೆ. ಕೋಲಾಟದಲ್ಲಿ ಒಳಸುತ್ತು, ಹೊರಸುತ್ತು ಬದಲಾಗುವ ಹೊತ್ತು ಹಾಡಿನ ಸಾಲಿನಿಂದಲೇ ಗೊತ್ತಾಗುತ್ತದಲ್ಲ, ಇದೂ ಹಾಗೆಯೇ. ಕೋಲಾಟ ಆಡಿದವರು ನಿಮ್ಮ ಮನೆಯಲ್ಲಿ ಒಬ್ಬರಿದ್ದರೂ ಅವರೇ ಉಳಿದವರಿಗೆ ದಾರಿ ತೋರಿಸಬಲ್ಲರು.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಬ್ಯಾಂಡನ್ನು ಆರಿಸುವಾಗ ವಾದ್ಯಗಾರರ ಕೈಚಳಕಕ್ಕಿಂತ ಮೊದಲು ಹೆಜ್ಜೆ ಕೂಗುವವರ ಬಗ್ಗೆ ವಿಚಾರಿಸಿ. ಇಲ್ಲಿ ಅವರಿಗೆ ಕಾಲರ್ ಎನ್ನುತ್ತಾರೆ. ಪ್ರತಿ ನೃತ್ಯಕ್ಕೂ ಮೊದಲು ಅವರು ಎಲ್ಲರನ್ನೂ ಸಾಲಿನಲ್ಲೋ ವೃತ್ತದಲ್ಲೋ ನಿಲ್ಲಿಸಿ, ಸಂಗೀತವಿಲ್ಲದೆ ಒಮ್ಮೆ ನಡೆಸಿ ತೋರಿಸುತ್ತಾರೆ. ಸಂಗೀತ ಆರಂಭವಾದ ಮೇಲೆ ಪ್ರತಿ ಚಲನೆಗೂ ಸ್ವಲ್ಪ ಮೊದಲೇ ಕೂಗಿ ಎಚ್ಚರಿಸುತ್ತಾರೆ. ಒಳ್ಳೆಯ ಕಾಲರ್ ಇದ್ದರೆ ನಿಮ್ಮ ನಲವತ್ತು ಜನರಲ್ಲಿ ಮೂವತ್ತು ಜನ ಕುಣಿಯುತ್ತಾರೆಂದು ನಾನು ಧೈರ್ಯವಾಗಿ ಹೇಳುತ್ತೇನೆ. ಆದ್ದರಿಂದ ಬ್ಯಾಂಡಿನವರನ್ನು ನೇರವಾಗಿ ಕೇಳಿ: ಕಾಲರ್ ನಿಮ್ಮ ಜೊತೆಯಲ್ಲೇ ಬರುತ್ತಾರೆಯೇ, ಹೊಸಬರೇ ಹೆಚ್ಚಿರುವ ಮದುವೆಯಲ್ಲಿ ನೀವು ಯಾವ ನೃತ್ಯಗಳನ್ನು ಮೊದಲು ಇಡುತ್ತೀರಿ, ಹೆಜ್ಜೆ ತಪ್ಪಿದ ಗುಂಪು ಕಂಡರೆ ಏನು ಮಾಡುತ್ತೀರಿ? ಕೊನೆಯ ಪ್ರಶ್ನೆಗೆ ಅವರು ಕೊಡುವ ಉತ್ತರದಿಂದಲೇ ಬ್ಯಾಂಡಿನ ಗುಣ ತಿಳಿಯುತ್ತದೆ.

ನೃತ್ಯಗಳ ಕ್ರಮದ ಬಗ್ಗೆ ಎರಡು ಮಾತು. ಗೇ ಗಾರ್ಡನ್ಸ್ ಎಂಬುದು ಬಹುಪಾಲು ಮದುವೆಗಳಲ್ಲಿ ಮೊದಲು ಬರುತ್ತದೆ. ಜೋಡಿಗಳು ಕೋಣೆಯ ಸುತ್ತ ನಿಂತು ನಾಲ್ಕು ಹೆಜ್ಜೆ ಮುಂದೆ, ತಿರುಗಿ ನಾಲ್ಕು ಹೆಜ್ಜೆ ಹಿಂದೆ ನಡೆಯುವುದೇ ಅದರ ಆರಂಭ, ಮತ್ತು ಅದರ ಹೆಸರು ಗಾರ್ಡನ್ ಹೈಲ್ಯಾಂಡರ್ಸ್ ಎಂಬ ಸೈನ್ಯದ ತುಕಡಿಯಿಂದ ಬಂದದ್ದು. ಆದರೆ ನನ್ನನ್ನು ಕೇಳಿದರೆ ನಿಮ್ಮ ಮದುವೆಗೆ ಎಲ್ಲಕ್ಕಿಂತ ಹೊಂದುವುದು ಡ್ಯಾಷಿಂಗ್ ವೈಟ್ ಸಾರ್ಜೆಂಟ್. ಅದಕ್ಕೆ ಜೋಡಿ ಬೇಡ. ಮೂವರು ಒಂದು ಸಾಲಾಗಿ ಕೈ ಹಿಡಿದು ಇನ್ನೊಂದು ಮೂವರ ಸಾಲಿಗೆ ಎದುರಾಗಿ ನಿಲ್ಲುತ್ತಾರೆ. ಆರು ಜನ ವೃತ್ತವಾಗಿ ಸುತ್ತುತ್ತಾರೆ, ನಡುವಿನವರು ಎರಡೂ ಬದಿಯವರೊಂದಿಗೆ ತಿರುಗುತ್ತಾರೆ, ಮೂವರು ಎಂಟರ ಆಕಾರದಲ್ಲಿ ಹೆಣೆದುಕೊಳ್ಳುತ್ತಾರೆ, ಕೊನೆಗೆ ಒಂದು ಸಾಲು ಕೈಗಳನ್ನು ಕಮಾನಿನಂತೆ ಎತ್ತಿದರೆ ಇನ್ನೊಂದು ಸಾಲು ಅದರಡಿ ನುಸುಳಿ ಮುಂದಿನ ಹೊಸ ಮೂವರನ್ನು ಎದುರುಗೊಳ್ಳುತ್ತದೆ. ನಿಮ್ಮ ಅತ್ತಿಗೆ, ನಿಮ್ಮ ತಂಗಿ ಮತ್ತು ನಡುವೆ ಹುಡುಗನ ಚಿಕ್ಕಪ್ಪ, ಹೀಗೆ ಮೂವರನ್ನು ಕಟ್ಟಿದರೆ ಹತ್ತು ನಿಮಿಷದೊಳಗೆ ಎರಡು ಮನೆಗಳ ಬಹುತೇಕ ಜನ ಪರಸ್ಪರ ಮುಖ ನೋಡಿ ನಕ್ಕಿರುತ್ತಾರೆ. ಬೇರೆ ಯಾವ ಪರಿಚಯ ಕಾರ್ಯಕ್ರಮವೂ ಈ ಕೆಲಸವನ್ನು ಇಷ್ಟು ಚೆನ್ನಾಗಿ ಮಾಡಿದ್ದನ್ನು ನಾನು ನೋಡಿಲ್ಲ.

ಹಿರಿಯರಿಗೆ ಸೇಂಟ್ ಬರ್ನಾರ್ಡ್ಸ್ ವಾಲ್ಟ್ಸ್ ಒಳ್ಳೆಯದು. ಪಕ್ಕಕ್ಕೆ ಮೂರು ಹೆಜ್ಜೆ, ಎರಡು ಸಲ ನೆಲಕ್ಕೆ ಪಾದದ ಪೆಟ್ಟು, ಅಷ್ಟರಲ್ಲೇ ಮುಖ ಅರಳುತ್ತದೆ. ಸ್ಟ್ರಿಪ್ ದ ವಿಲೋ ಮಾತ್ರ ತೋಳಿಗೆ ತೋಳು ಕೊಟ್ಟು ವೇಗವಾಗಿ ತಿರುಗಿಸುವ ನೃತ್ಯ. ಅದರ ಆರ್ಕ್ನಿ ದ್ವೀಪಗಳ ರೂಪದಲ್ಲಿ ಇಡೀ ಸಭೆ ಉದ್ದನೆಯ ಎರಡು ಸಾಲುಗಳಾಗಿ ನಿಂತು, ಒಂದು ಜೋಡಿ ಸ್ವಲ್ಪ ದೂರ ಹೋಗುತ್ತಲೇ ಇನ್ನೊಂದು ಜೋಡಿ ಹೊರಡುತ್ತದೆ. ಅದು ಈ ಸಂಗೀತದ ಶಿಖರ, ಬಿಡಬೇಡಿ. ಆದರೆ ಅದನ್ನು ಎಳೆಯರಿಗೆ ಮೀಸಲಿಟ್ಟು, ರಾತ್ರಿಯ ಕೊನೆಯ ಭಾಗಕ್ಕೆ ಇಡುವಂತೆ ಬ್ಯಾಂಡಿಗೆ ತಿಳಿಸಿ.

ಉತ್ತರ: ಡಂಡೀ ನಿವಾಸಿ

ಮೇಲಿನ ಉತ್ತರ ಬಹಳ ಚೆನ್ನಾಗಿದೆ. ಆದರೂ ಖರ್ಚಿನ ಬಗ್ಗೆ ಯೋಚಿಸುವವರಿಗಾಗಿ ಒಂದು ಮಾತು: ಈ ನೃತ್ಯಗಳ ಧ್ವನಿಮುದ್ರಣಗಳು ಬೇಕಾದಷ್ಟು ಸಿಗುತ್ತವೆ. ಒಬ್ಬ ಡಿಜೆ ಮತ್ತು ಹೆಜ್ಜೆ ಹೇಳಿಕೊಡಬಲ್ಲ ಒಬ್ಬ ಸ್ಥಳೀಯರು ಇದ್ದರೆ ಕೆಲಸ ನಡೆಯುವುದಿಲ್ಲವೇ? ಹುಡುಗನ ಕಡೆಯವರಿಗೆ ಹೆಜ್ಜೆಗಳು ಹೇಗೂ ಗೊತ್ತಿರುತ್ತವೆ. ಇಲ್ಲಿನ ಶಾಲೆಗಳಲ್ಲಿ ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ ವ್ಯಾಯಾಮದ ಅವಧಿಯಲ್ಲೇ ಈ ನೃತ್ಯಗಳನ್ನು ಕಲಿಸುತ್ತಾರೆ. ನನ್ನ ಇಬ್ಬರು ಮಕ್ಕಳೂ ಹಾಗೆಯೇ ಕಲಿತರು.

ಉತ್ತರ: ಎಡಿನ್‌ಬರೋ ಪಿಟೀಲು

ಧ್ವನಿಮುದ್ರಣದಿಂದ ನಡೆಸಿದ ಮದುವೆಗಳನ್ನೂ ನಾನು ಕಂಡಿದ್ದೇನೆ, ಸಂತೋಷವಾಗಿಯೇ ನಡೆದಿವೆ. ಆದರೆ ಮುದ್ರಿತ ಸಂಗೀತಕ್ಕೆ ಕಣ್ಣಿಲ್ಲ. ನಾವು ನುಡಿಸುವಾಗ ನಮ್ಮ ದೃಷ್ಟಿ ಸದಾ ನೆಲದ ಮೇಲಿರುತ್ತದೆ. ಸಾಲಿನ ತುದಿಯಲ್ಲಿ ಯಾರೋ ದಾರಿ ತಪ್ಪಿದ್ದಾರೆಂದು ಕಂಡರೆ ಡ್ರಮ್ಮಿನವರು ಪೆಟ್ಟನ್ನು ಒತ್ತಿ ಕೊಡುತ್ತಾರೆ, ಕಾಲರ್ ಎಂಟು ಬಾರ್ ಕಾಯಿಸಿ ಅವರನ್ನು ಮತ್ತೆ ಸೇರಿಸಿಕೊಳ್ಳುತ್ತಾರೆ, ವಯಸ್ಸಾದವರು ಏದುಸಿರು ಬಿಡುತ್ತಿದ್ದಾರೆಂದು ತಿಳಿದರೆ ಒಂದು ಸುತ್ತು ಮೊದಲೇ ಮುಗಿಸುತ್ತೇವೆ. ಎಲ್ಲರೂ ಹುರುಪಿನಲ್ಲಿದ್ದರೆ ಮೂರನೆಯ ಮಟ್ಟಿನಿಂದ ನಾಲ್ಕನೆಯದಕ್ಕೆ ಶ್ರುತಿ ಏರಿಸಿ ಜಿಗಿಯುತ್ತೇವೆ, ಆಗ ಸಭೆಯಿಂದ ಏಳುವ ಕೂಗನ್ನು ಕೇಳಿಯೇ ಅನುಭವಿಸಬೇಕು. ಸ್ಥಳೀಯರಿಗೆ ಹೆಜ್ಜೆ ಗೊತ್ತಿರುವುದು ನಿಜ, ಆದರೆ ಈ ಮದುವೆಯಲ್ಲಿ ಹೊಸಬರಿಗೂ ಗೊತ್ತಾಗಬೇಕಾಗಿದೆ. ಹಣ ಉಳಿಸಲೇಬೇಕಾದರೆ ಐದು ಜನರ ಬದಲು ಮೂವರ ಬ್ಯಾಂಡ್ ಕರೆಸಿ, ಬ್ಯಾಂಡನ್ನೇ ಬಿಡಬೇಡಿ.

ಉತ್ತರ: ಕೊಡಗಿನ ಸೊಸೆ

ನಾಲ್ಕು ವರ್ಷಗಳ ಹಿಂದೆ ನಮ್ಮ ಮಗನ ಮದುವೆ ಇನ್ವರ್ನೆಸ್ ಹತ್ತಿರ ನಡೆಯಿತು, ಆದ್ದರಿಂದ ನಿಮ್ಮ ಆತಂಕ ನನಗೆ ಚೆನ್ನಾಗಿ ಅರ್ಥವಾಗುತ್ತದೆ. ನಾವು ಮಾಡಿದ ತಪ್ಪನ್ನು ಹೇಳುತ್ತೇನೆ, ನಿಮಗೆ ಉಪಯೋಗವಾದೀತು. ಬ್ಯಾಂಡಿನ ಸಂಗೀತ ಕೇಳಿ ಮೆಚ್ಚಿ ಗೊತ್ತುಮಾಡಿದೆವು, ಕಾಲರ್ ಬಗ್ಗೆ ಕೇಳುವುದು ನಮಗೆ ಹೊಳೆಯಲೇ ಇಲ್ಲ. ಅವರು ಬಹಳ ಸೊಗಸಾಗಿ ನುಡಿಸಿದರು, ಆದರೆ ಪ್ರತಿ ಸಲವೂ ನೃತ್ಯದ ಹೆಸರನ್ನಷ್ಟೇ ಹೇಳಿ ಆರಂಭಿಸಿಬಿಡುತ್ತಿದ್ದರು. ಹುಡುಗಿಯ ಕಡೆಯವರೆಲ್ಲ ಎದ್ದು ಕುಣಿದರು. ನಮ್ಮವರು ಒಂದು ಗಂಟೆಗೂ ಹೆಚ್ಚು ಕಾಲ ಗೋಡೆಗೆ ಒರಗಿ ನಿಂತರು. ಕೊಡವರ ಮದುವೆಯಲ್ಲಿ ವಾಲಗ ನುಡಿದರೆ ಅಜ್ಜಂದಿರೂ ಸುಮ್ಮನೆ ಕೂರುವವರಲ್ಲ. ಅಂಥವರು ಅಲ್ಲಿ ಕೈಕಟ್ಟಿ ನಿಂತದ್ದನ್ನು ನೋಡಿ ನನಗೆ ಕಣ್ಣು ತುಂಬಿತು. ಕೊನೆಗೆ ಸೊಸೆಯ ಸೋದರತ್ತೆ ತಾವಾಗಿ ಮುಂದೆ ಬಂದು, ಬ್ಯಾಂಡನ್ನು ನಿಲ್ಲಿಸಿ, ಒಬ್ಬೊಬ್ಬರ ಕೈ ಹಿಡಿದು ದೊಡ್ಡ ವೃತ್ತ ಮಾಡಿಸಿ ಹೆಜ್ಜೆ ಹೇಳಿಕೊಟ್ಟರು. ಅದು ಸರ್ಕೇಸಿಯನ್ ಸರ್ಕಲ್ ಎಂಬ ನೃತ್ಯವೆಂದು ಆಮೇಲೆ ತಿಳಿಯಿತು: ಎಲ್ಲರೂ ಕೈ ಹಿಡಿದು ನಡುವಿಗೆ ಹೋಗಿ ಹಿಂದೆ ಬರುವುದು, ಹೆಂಗಸರು ಒಳಗೆ ಹೋಗಿ ಚಪ್ಪಾಳೆ, ಆಮೇಲೆ ಗಂಡಸರು. ನಮ್ಮವರು ಅಲ್ಲಿಂದ ಮುಂದೆ ಕುರ್ಚಿಯ ಕಡೆಗೆ ತಿರುಗಿ ನೋಡಲಿಲ್ಲ. ಆ ಒಂದು ಗಂಟೆ ಕಳೆದುಹೋಯಿತಲ್ಲ ಎಂಬ ನೋವು ನನಗೆ ಇನ್ನೂ ಇದೆ.

ಸೀರೆಯ ಬಗ್ಗೆ ಕೇಳಿದ್ದೀರಿ. ಕೊಡವ ಸೀರೆಯ ನೆರಿಗೆ ಹಿಂದೆ ಇರುವುದರಿಂದ ನಮಗೆ ಕಾಲಿಗೆ ಅಡ್ಡಿಯಾಗಲಿಲ್ಲ. ಉತ್ತರ ಕರ್ನಾಟಕದ ಕಚ್ಚೆ ಸೀರೆ ಉಡಲು ಬರುವವರಿಗೆ ಇನ್ನೂ ಅನುಕೂಲ. ಮುಂದೆ ನೆರಿಗೆ ಬರುವಂತೆ ಉಡುವವರು ನೆಲದಿಂದ ಎರಡು ಬೆರಳು ಮೇಲಕ್ಕೆ ಉಟ್ಟು, ನೆರಿಗೆಗಳನ್ನು ಒಳಗಿನಿಂದ ಪಿನ್ ಹಾಕಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಸಾಕು. ಮೈಸೂರು ರೇಷ್ಮೆ ನುಣುಪಾಗಿರುವುದರಿಂದ ಪಿನ್ ಒಂದಕ್ಕೆ ಎರಡು ಇರಲಿ. ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಬಹಳ ಮುಖ್ಯವಾಗಿ, ತೋಳು ಕೊಟ್ಟು ತಿರುಗುವ ನೃತ್ಯಕ್ಕೆ ಮೊದಲು ಗಾಜಿನ ಬಳೆಗಳನ್ನು ತೆಗೆದಿಡುವಂತೆ ಎಲ್ಲ ಹೆಂಗಸರಿಗೂ ಹೇಳಿ. ನನ್ನ ನಾದಿನಿಯ ಕೈಯಲ್ಲಿ ಮೂರು ಬಳೆ ಒಡೆದು, ಅವರಿಗೂ ಜೊತೆಗಿದ್ದ ಹುಡುಗನಿಗೂ ಗಾಯವಾಯಿತು. ಮದುಮಗಳಿಗೆ ಬಳೆ ತೆಗೆಯಲು ಇಷ್ಟವಿಲ್ಲದಿದ್ದರೆ ಆ ಒಂದು ನೃತ್ಯವನ್ನು ಅವಳು ಬಿಡಲಿ, ಅಥವಾ ಚಿನ್ನದ ಬಳೆಯಷ್ಟೇ ಇರಲಿ.

ಉತ್ತರ: ಡಂಡೀ ನಿವಾಸಿ

ಡಿಜೆಯ ಮಾತನ್ನು ನಾನು ಹಿಂತೆಗೆದುಕೊಳ್ಳುತ್ತೇನೆ, ಪಿಟೀಲಿನವರು ಹೇಳಿದ್ದು ಒಪ್ಪುವಂಥದ್ದು. ಸಭಾಂಗಣದ ಬಗ್ಗೆ ನಾನು ತಿಳಿದಿರುವುದನ್ನು ಸೇರಿಸುತ್ತೇನೆ. ಹಳೆಯ ಕಣಜಗಳಲ್ಲಿ ಅಕ್ಕಪಕ್ಕದ ಮನೆಗಳಿಗೆ ತೊಂದರೆಯಾಗದಿರಲೆಂದು ಕೆಲವೆಡೆ ಶಬ್ದಮಿತಿಯ ಯಂತ್ರ ಇಟ್ಟಿರುತ್ತಾರೆ. ಶಬ್ದ ಮಿತಿ ಮೀರಿದರೆ ಅದು ವೇದಿಕೆಯ ವಿದ್ಯುತ್ತನ್ನೇ ಕಡಿದುಹಾಕುತ್ತದೆ. ನೂರು ಜನ ಒಟ್ಟಿಗೆ ಪಾದ ಬಡಿದು ಕೂಗಿದರೂ ಅದು ಕೆಲಸ ಮಾಡಬಹುದು. ಅಂಥದ್ದು ಇದೆಯೇ ಎಂದು ಈಗಲೇ ವಿಚಾರಿಸಿ ಬ್ಯಾಂಡಿಗೆ ತಿಳಿಸಿಬಿಡಿ. ಬ್ಯಾಂಡಿನವರ ಬಳಿ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮತ್ತು ವಿದ್ಯುತ್ ಉಪಕರಣಗಳ ಸುರಕ್ಷತಾ ತಪಾಸಣೆಯ ಪತ್ರ ಇರಬೇಕೆಂದು ಹಲವು ಸಭಾಂಗಣಗಳು ಕೇಳುತ್ತವೆ. ಒಪ್ಪಂದ ಬರಹದಲ್ಲಿರಲಿ, ವಾದ್ಯಗಾರರೊಬ್ಬರು ಕಾಯಿಲೆ ಬಿದ್ದರೆ ಬದಲಿಯವರನ್ನು ಅವರೇ ಕಳುಹಿಸುತ್ತಾರೆಂಬುದೂ ಅದರಲ್ಲಿರಲಿ. ಜೂನ್ ಶನಿವಾರಗಳು ಬಹಳ ಬೇಗ ತುಂಬಿಹೋಗುತ್ತವೆ, ತಡಮಾಡಬೇಡಿ.

ಪ್ರಶ್ನೆ ಕೇಳಿದವರು: ಮೈಸೂರಿನ ತಾಯಿ

ನಿಮ್ಮೆಲ್ಲರ ಉತ್ತರಗಳನ್ನು ಮನೆಯವರೆಲ್ಲ ಕುಳಿತು ಓದಿದೆವು. ಬಳೆಯ ಮಾತು ನನಗೆ ಹೊಳೆಯುತ್ತಲೇ ಇರಲಿಲ್ಲ, ಕೊಡಗಿನ ಸೋದರಿಗೆ ವಿಶೇಷವಾಗಿ ಕೃತಜ್ಞಳಾಗಿದ್ದೇನೆ. ಮಗಳು ಇಂದೇ ಎರಡು ಬ್ಯಾಂಡುಗಳಿಗೆ ಫೋನ್ ಮಾಡಿ, ಹೆಜ್ಜೆ ತಪ್ಪಿದವರನ್ನು ಕಂಡರೆ ಏನು ಮಾಡುತ್ತೀರಿ ಎಂಬ ಪ್ರಶ್ನೆಯನ್ನೇ ಮೊದಲು ಕೇಳಿದಳು. ಒಬ್ಬರು ತಮ್ಮ ಹಾಡುಗಳ ಪಟ್ಟಿಯನ್ನು ಓದಿದರು. ಇನ್ನೊಬ್ಬರು, ನಾನು ವೇದಿಕೆಯಿಂದ ಇಳಿದು ಅವರ ಸಾಲಿನಲ್ಲೇ ನಿಂತುಕೊಳ್ಳುತ್ತೇನೆ ಎಂದರಂತೆ. ಅವರನ್ನೇ ಗೊತ್ತುಮಾಡಲು ನಿಶ್ಚಯಿಸಿದ್ದೇವೆ. ಅಕಾರ್ಡಿಯನ್, ಪಿಟೀಲು, ಡ್ರಮ್ ಮತ್ತು ಕಾಲರ್, ಒಟ್ಟು ನಾಲ್ವರು.

ಇನ್ನೊಂದು ಸಣ್ಣ ಆಸೆ. ನಮ್ಮ ಕಡೆಯ ಒಂದು ಮಟ್ಟನ್ನು ಅವರು ನುಡಿಸಬಲ್ಲರೇ? ಕೇಳುವುದು ಸಭ್ಯತೆಗೆ ಮೀರಿದ್ದಾಗುತ್ತದೆಯೇ?

ಉತ್ತರ: ಎಡಿನ್‌ಬರೋ ಪಿಟೀಲು

ಖಂಡಿತ ಕೇಳಿ, ವಾದ್ಯಗಾರರಿಗೆ ಅದು ಸಂತೋಷದ ವಿಷಯ. ಆದರೆ ಗಮಕ ತುಂಬಿದ ಕೃತಿಯನ್ನು ಕೊಡಬೇಡಿ. ಅಕಾರ್ಡಿಯನ್ನಿನ ಕೀಲಿಗಳಲ್ಲಿ ಸ್ವರ ಅಲುಗುವುದಿಲ್ಲ, ಅವರೂ ಕಷ್ಟಪಡುತ್ತಾರೆ, ಕೇಳುವ ನಮಗೂ ಬೇಸರವಾಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಐರೋಪ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿದ ನೊಟ್ಟುಸ್ವರಗಳನ್ನು ನಿಮ್ಮ ಮನೆಯಲ್ಲಿ ಮಕ್ಕಳು ಕಲಿತಿರಬಹುದು. ಅವು ಶಂಕರಾಭರಣ ರಾಗದ ಸರಳ ಸ್ವರಗಳಲ್ಲಿ ನಡೆಯುವುದರಿಂದ ಇಲ್ಲಿನ ಪಿಟೀಲಿಗೆ ಸಲೀಸಾಗಿ ಕೂರುತ್ತವೆ. ಅವುಗಳಲ್ಲಿ ಮೂರರ ನಡೆಯದೊಂದನ್ನು ಆರಿಸಿ, ಹಾಡಿದ ಧ್ವನಿಮುದ್ರಣವನ್ನೂ ಪಾಶ್ಚಾತ್ಯ ಸ್ವರಲಿಪಿಯನ್ನೂ ಒಂದೆರಡು ತಿಂಗಳು ಮೊದಲೇ ಕಳುಹಿಸಿದರೆ, ವಾಲ್ಟ್ಸ್‌ಗಳ ಸಾಲಿನಲ್ಲಿ ಅದನ್ನೂ ಪೋಣಿಸಿಕೊಳ್ಳುತ್ತಾರೆ. ನಿಮ್ಮ ಹಿರಿಯರು ಪರಿಚಿತ ಸ್ವರ ಕೇಳಿ ತಲೆಯೆತ್ತುವ ಕ್ಷಣಕ್ಕಾಗಿ ಬ್ಯಾಂಡಿನವರೂ ಕಾಯುತ್ತಿರುತ್ತಾರೆ.

ರಾತ್ರಿಯ ಕೊನೆಯಲ್ಲಿ ಎಲ್ಲರೂ ದೊಡ್ಡ ವೃತ್ತವಾಗಿ ನಿಂತು, ಕವಿ ರಾಬರ್ಟ್ ಬರ್ನ್ಸ್ 1788ರಲ್ಲಿ ಬರೆದಿಟ್ಟ, ಆಲ್ಡ್ ಲ್ಯಾಂಗ್ ಸೈನ್ ಎಂಬ ಹಳೆಯ ಸ್ನೇಹದ ಹಾಡನ್ನು ಹಾಡುತ್ತಾರೆ. ಆರಂಭದಲ್ಲಿ ಪಕ್ಕದವರ ಕೈಯನ್ನು ಸಾಮಾನ್ಯವಾಗಿ ಹಿಡಿದಿರಿ. ಕೊನೆಯ ನುಡಿ ಬಂದಾಗ ಮಾತ್ರ ನಿಮ್ಮ ತೋಳುಗಳನ್ನು ಎದೆಯ ಮುಂದೆ ಅಡ್ಡಹಾಕಿ, ಬಲಗೈಯನ್ನು ಎಡಗಡೆಯವರಿಗೂ ಎಡಗೈಯನ್ನು ಬಲಗಡೆಯವರಿಗೂ ಕೊಡಬೇಕು. ಮೊದಲಿನಿಂದಲೇ ಹಾಗೆ ಹಿಡಿಯುವವರು ಬಹಳ ಜನರಿದ್ದಾರೆ, ಆದರೆ ಹುಡುಗನ ಅಜ್ಜಿ ಇದನ್ನು ಗಮನಿಸುತ್ತಾರೆ. ನಿಮ್ಮ ನಲವತ್ತು ಜನರಿಗೂ ಮೈಸೂರಿನಲ್ಲೇ ಇದನ್ನು ಹೇಳಿಕೊಟ್ಟು ಕರೆದುಕೊಂಡು ಬನ್ನಿ.